ಐದು ವೋಲ್ಟಿನ ಜಾಡು ಹಿಡಿದು



ಹಳೆಯ ಕಂಪ್ಯೂಟರೊಂದರ ಗುಂಡಿ ಒತ್ತಿದ್ದೀರಿ. ಫ್ಯಾನು ತಿರುಗಿತು, ಬೀಪ್ ಕೇಳಿಸಿತು, ತೆರೆಯ ಮೇಲೆ ಅಕ್ಷರಗಳೂ ಮೂಡಿದವು. ಅಷ್ಟರಲ್ಲಿ ಕೀಬೋರ್ಡ್ ಸಿಗುತ್ತಿಲ್ಲ ಎಂಬ ಇಂಗ್ಲಿಷ್ ಸಾಲೊಂದು ಬಂದು ಎಲ್ಲವೂ ಅಲ್ಲೇ ನಿಂತುಬಿಟ್ಟಿತು. ಕೀಬೋರ್ಡ್ ಮೇಜಿನ ಮೇಲೇ ಇದೆ, ತಂತಿಯನ್ನು ಹಿಂದುಗಡೆ ಸಿಕ್ಕಿಸಿಯೂ ಇದೆ. ಏನು ಒತ್ತಿದರೂ ಉತ್ತರವಿಲ್ಲ. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಬಹಳ ಕಡೆ ಕೇಳಿಬರುವ ಮಾತು ಒಂದೇ: ‘ಬೋರ್ಡ್ ಹೋಗಿದೆ ಸಾರ್, ಬೇರೆ ಹಾಕಿಸಿಬಿಡಿ.’

ಈ ಮಾತಿಗೆ ನನ್ನ ತಕರಾರಿದೆ. ತೆರೆಯ ಮೇಲೆ ಅಕ್ಷರ ಬಂದಿದೆ ಎಂದರೆ ಪ್ರೊಸೆಸರ್ ಬದುಕಿದೆ, ಮೆಮೊರಿ ಬದುಕಿದೆ, ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಮಾದ ಬಯೋಸ್ ಬದುಕಿದೆ. ಬೋರ್ಡಿನ, ಅಂದರೆ ಮದರ್‌ಬೋರ್ಡಿನ, ದುಬಾರಿ ಭಾಗಗಳೆಲ್ಲ ನೆಟ್ಟಗಿದ್ದು, ಮೂಲೆಯ ಒಂದು ಸಣ್ಣ ದಾರಿ ಮಾತ್ರ ಕಡಿದುಹೋಗಿದೆ. ನಲ್ಲಿಯಲ್ಲಿ ನೀರು ಬರದಿದ್ದರೆ ಬೋರ್‌ವೆಲ್ ಬತ್ತಿತೆಂದು ಯಾರೂ ತೀರ್ಮಾನಿಸುವುದಿಲ್ಲ; ಟ್ಯಾಂಕ್ ನೋಡುತ್ತೇವೆ, ವಾಲ್ವ್ ನೋಡುತ್ತೇವೆ, ಪೈಪು ಎಲ್ಲಿ ಕಟ್ಟಿಕೊಂಡಿದೆಯೋ ಹುಡುಕುತ್ತೇವೆ. ಕೀಬೋರ್ಡ್ ಮತ್ತು ಮೌಸಿನ ಪೋರ್ಟಿಗೂ ಅಷ್ಟು ತಾಳ್ಮೆ ತೋರಿಸಿದರೆ ಸಾಕು. ಎಸ್‌ಎಂಪಿಎಸ್ ಎಂಬ ವಿದ್ಯುತ್ ಡಬ್ಬಿಯಿಂದ ಹೊರಟ ಐದು ವೋಲ್ಟು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಹಿಡಿದರೆ ದೋಷದ ಜಾಗ ಹೆಚ್ಚಿನ ಸಲ ತಾನಾಗಿಯೇ ಸಿಗುತ್ತದೆ.

ಇಷ್ಟು ಹಳೆಯ ಬೋರ್ಡಿಗೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳಬಹುದು. ಅಷ್ಟು ವಯಸ್ಸಾದ ಯಂತ್ರದಲ್ಲಿ ಬೋರ್ಡ್ ಒಂದನ್ನೇ ಬದಲಿಸಲು ಆಗುವುದಿಲ್ಲ. ಹೊಸ ಬೋರ್ಡಿಗೆ ಹಳೆಯ ಪ್ರೊಸೆಸರ್ ಕೂರುವುದಿಲ್ಲ, ಹಳೆಯ ಮೆಮೊರಿ ಹೊಂದುವುದಿಲ್ಲ. ಕೊನೆಗೆ ಇಡೀ ಯಂತ್ರವೇ ಹೋಗುತ್ತದೆ. ಅದರ ಜೊತೆಗೆ ಪ್ಯಾರಲಲ್ ಪೋರ್ಟಿಗೆ ಹೊಂದಿಸಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೋಗುತ್ತದೆ, ಆ ಯಂತ್ರದಲ್ಲಿ ಮಾತ್ರ ನಡೆಯುವ ಲೆಕ್ಕದ ಪ್ರೋಗ್ರಾಮ್ ಹೋಗುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ಇಂದಿಗೂ ಇಂಥ ಯಂತ್ರಗಳಲ್ಲೇ ಕುಳಿತಿವೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಬೋರ್ಡ್ ತಂದು ಮಗನಿಗೋ ಮಗಳಿಗೋ ಕಂಪ್ಯೂಟರ್ ಜೋಡಿಸಿಕೊಟ್ಟ ಮನೆಗಳೂ ಕಡಿಮೆಯಿಲ್ಲ. ಇವರಿಗೆಲ್ಲ ಹೇಳಬೇಕೆನಿಸಿದ್ದನ್ನು ಈ ಹೊತ್ತು ಹೇಳುತ್ತೇನೆ.

ಯಾವ ಸಲಕರಣೆಯೂ ಬೇಡದ ಒಂದು ಪರೀಕ್ಷೆಯಿಂದ ಶುರು ಮಾಡೋಣ. ಕೀಬೋರ್ಡಿನ ಬಲಮೂಲೆಯ ಮೂರು ಪುಟ್ಟ ದೀಪಗಳನ್ನು ನೋಡಿ: ನಮ್ ಲಾಕ್, ಕ್ಯಾಪ್ಸ್ ಲಾಕ್, ಸ್ಕ್ರೋಲ್ ಲಾಕ್. ಕಂಪ್ಯೂಟರ್ ಆನ್ ಮಾಡಿದ ಗಳಿಗೆಯಲ್ಲಿ ಮೂರೂ ಒಮ್ಮೆ ಮಿನುಗಿ ಆರಬೇಕು. ಕೀಬೋರ್ಡಿನ ಒಳಗೂ ಒಂದು ಸಣ್ಣ ಚಿಪ್ ಇರುತ್ತದೆ. ವಿದ್ಯುತ್ ಸಿಕ್ಕ ಕೂಡಲೇ ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಆ ದೀಪಗಳನ್ನು ಮಿನುಗಿಸಿ, ತಾನು ಸರಿಯಿದ್ದೇನೆ ಎಂಬ ಸಂಕೇತವನ್ನು ಬೋರ್ಡಿಗೆ ಕಳಿಸುತ್ತದೆ. ಮಿನುಗು ಕಂಡರೆ ಐದು ವೋಲ್ಟು ಕೀಬೋರ್ಡಿನವರೆಗೆ ತಲುಪಿದೆ ಎಂದರ್ಥ. ಕಾಣದಿದ್ದರೆ ಒಂದೋ ವಿದ್ಯುತ್ ಬರುತ್ತಿಲ್ಲ, ಇಲ್ಲವೇ ಕೀಬೋರ್ಡೇ ಕೆಟ್ಟಿದೆ.

ಇನ್ನು ನಮ್ ಲಾಕ್ ಒತ್ತಿ ನೋಡಿ. ಆ ದೀಪವನ್ನು ಕೀಬೋರ್ಡ್ ತಾನಾಗಿ ಹಚ್ಚುವುದಿಲ್ಲ. ನೀವು ಕೀಲಿ ಒತ್ತಿದ ಸುದ್ದಿ ಬೋರ್ಡಿಗೆ ಹೋಗಬೇಕು, ಅಲ್ಲಿನ ಪ್ರೋಗ್ರಾಮ್ ಅದನ್ನು ಓದಬೇಕು, ದೀಪ ಹಚ್ಚು ಎಂಬ ಆಜ್ಞೆ ಅದೇ ತಂತಿಯಲ್ಲಿ ಹಿಂದಿರುಗಬೇಕು. ಆಮೇಲಷ್ಟೇ ದೀಪ ಹತ್ತುತ್ತದೆ. ಆದ್ದರಿಂದ ಒತ್ತಿದಾಗಲೆಲ್ಲ ನಮ್ ಲಾಕ್ ದೀಪ ಹತ್ತಿ ಆರುತ್ತಿದ್ದರೆ ಕೀಬೋರ್ಡ್, ತಂತಿ, ಪೋರ್ಟ್, ಬೋರ್ಡಿನ ನಿಯಂತ್ರಕ ಎಲ್ಲವೂ ಸರಿಯಾಗಿವೆ. ದೋಷ ಬೇರೆಲ್ಲೋ ಇದೆ. ಆರಂಭದಲ್ಲಿ ಮಿನುಗಿ, ಆಮೇಲೆ ನಮ್ ಲಾಕಿಗೆ ಉತ್ತರ ಕೊಡದಿದ್ದರೆ ವಿದ್ಯುತ್ ಇದೆ, ಮಾತುಕತೆ ಇಲ್ಲ. ಮೌಸಿಗೂ ಇಂಥದೇ ಗುರುತಿದೆ. ಬೆಳಕಿನ ಮೌಸ್ ಆದರೆ ಹೊಟ್ಟೆಯಡಿಯ ಕೆಂಪು ದೀಪ ಉರಿಯುತ್ತಿದೆಯೇ ನೋಡಿದರಾಯಿತು.

ಪೋರ್ಟಿನ ವಿಷಯಕ್ಕೆ ಬರುತ್ತೇನೆ. 1984ರಲ್ಲಿ ಐಬಿಎಂನ ಎಟಿ ಕಂಪ್ಯೂಟರ್ ಬಂದಾಗ ಕೀಬೋರ್ಡಿಗೆ ಐದು ಪಿನ್ನಿನ ದಪ್ಪನೆಯ ದುಂಡು ಕನೆಕ್ಟರ್ ಇತ್ತು. 1987ರಲ್ಲಿ ಅದೇ ಐಬಿಎಂ ಪರ್ಸನಲ್ ಸಿಸ್ಟಮ್/2 ಎಂಬ ಸಾಲನ್ನು ಹೊರತಂದು, ಆರು ಪಿನ್ನಿನ ಚಿಕ್ಕ ದುಂಡು ಕನೆಕ್ಟರನ್ನು ಕೀಬೋರ್ಡಿಗೂ ಮೌಸಿಗೂ ಕೊಟ್ಟಿತು. ಆ ಯಂತ್ರಗಳು ಮರೆಯಾದವು, ಕನೆಕ್ಟರಿನ ಹೆಸರು ಮಾತ್ರ ಪಿಎಸ್/2 ಎಂದು ಉಳಿಯಿತು. ಆರು ಪಿನ್ನುಗಳಲ್ಲಿ ಕೆಲಸ ಮಾಡುವುದು ನಾಲ್ಕೇ: ಐದು ವೋಲ್ಟು, ಗ್ರೌಂಡ್, ಡೇಟಾ, ಕ್ಲಾಕ್. ಉಳಿದೆರಡು ಸಾಮಾನ್ಯವಾಗಿ ಖಾಲಿ. ಮೌಸಿನ ಕಿಂಡಿಗೂ ಕೀಬೋರ್ಡಿನ ಕಿಂಡಿಗೂ ಆಕಾರದಲ್ಲಿ ಎಳ್ಳಷ್ಟೂ ಭೇದವಿಲ್ಲ. ಅದಕ್ಕೇ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ತಂದ ಪಿಸಿ 99 ಮಾರ್ಗಸೂಚಿಯಲ್ಲಿ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಬಣ್ಣ ಗೊತ್ತುಮಾಡಿದರು. ಅದಕ್ಕೂ ಹಿಂದಿನ ಬೋರ್ಡಾದರೆ ಎರಡೂ ಕಪ್ಪು. ಅದಲು ಬದಲಾಗಿದ್ದರೆ ಎರಡೂ ನಡೆಯುವುದಿಲ್ಲ. ಕಂಪ್ಯೂಟರ್ ಆರಿಸಿ ಅದಲು ಬದಲು ಮಾಡಿ ನೋಡಲು ಖರ್ಚೇನಿಲ್ಲ.

‘ಆರಿಸಿ’ ಎಂದೆ. ಅದನ್ನು ಒತ್ತಿ ಹೇಳುತ್ತೇನೆ. ಯುಎಸ್‌ಬಿಯನ್ನು ಕಂಪ್ಯೂಟರ್ ನಡೆಯುತ್ತಿರುವಾಗಲೇ ಸಿಕ್ಕಿಸಿ ಕಿತ್ತು ಮಾಡಿ ನಮಗೆ ರೂಢಿಯಾಗಿಬಿಟ್ಟಿದೆ. ಯುಎಸ್‌ಬಿಯ ಪ್ಲಗ್ಗಿನಲ್ಲಿ ವಿದ್ಯುತ್ತಿನ ಎರಡು ಪಟ್ಟಿಗಳನ್ನು ಉದ್ದವಾಗಿಯೂ ಡೇಟಾದ ಎರಡನ್ನು ಗಿಡ್ಡವಾಗಿಯೂ ಮಾಡಿರುತ್ತಾರೆ. ಮೊದಲು ವಿದ್ಯುತ್ ಕೂಡಿಕೊಂಡು ಆಮೇಲೆ ಡೇಟಾ ಮುಟ್ಟಲಿ ಎಂದು. ಪಿಎಸ್/2ನಲ್ಲಿ ಆ ಏರ್ಪಾಡು ಇಲ್ಲ. ಯಾವ ಪಿನ್ ಮೊದಲು ತಾಗುತ್ತದೋ ಹೇಳಲಾಗದು. ನಡೆಯುತ್ತಿರುವ ಯಂತ್ರಕ್ಕೆ ಓರೆಯಾಗಿ ತುರುಕಿ ಬೋರ್ಡಿನ ಫ್ಯೂಸು ಸುಟ್ಟವರು ಬಹಳ ಮಂದಿ. ಆರಿಸದೆ ಮುಟ್ಟಬೇಡಿ.

ಆರಿಸಿದ ಮೇಲೆ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ನುಗಳು ತುಂಬ ತೆಳು. ಒಂದು ಬಗ್ಗಿ ಪಕ್ಕದ್ದಕ್ಕೆ ಒರಗಿರಬಹುದು. ಕಡ್ಡಿ ಹಾಕಿ ಒತ್ತುವ ಪೆನ್ಸಿಲಿನ ಟೊಳ್ಳು ತುದಿಯನ್ನು ಆ ಪಿನ್ನಿಗೆ ತೊಡಿಸಿ ಮೆಲ್ಲಗೆ ಎತ್ತಿದರೆ ಮುರಿಯದೆ ನೆಟ್ಟಗಾಗುತ್ತದೆ. ಕಿಂಡಿಯ ಒಳಗೂ ಟಾರ್ಚ್ ಬಿಟ್ಟು ನೋಡಿ. ಕರಾವಳಿಯಲ್ಲಿ ಇದ್ದು ಬಂದ ಬೋರ್ಡಾದರೆ ಲೋಹದ ಮೇಲೆ ಹಸಿರು ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಸಣ್ಣ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಆ ಕೀಬೋರ್ಡನ್ನು ಚೆನ್ನಾಗಿರುವ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿಯೂ ನಡೆಯದಿದ್ದರೆ ಬೋರ್ಡಿನ ತಂಟೆಗೇ ಹೋಗಬೇಕಿಲ್ಲ.

ಈ ಹಂತದಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವುದು ಆ ಪುಟ್ಟ ಅಡಾಪ್ಟರ್: ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಪಿಎಸ್/2. ಅದರೊಳಗೆ ಚಿಪ್ ಇಲ್ಲ, ಬರೀ ತಂತಿ. ಯುಎಸ್‌ಬಿ ಭಾಷೆಯನ್ನು ಪಿಎಸ್/2 ಭಾಷೆಗೆ ತಿರುಗಿಸುವ ಶಕ್ತಿ ಅದಕ್ಕಿಲ್ಲ. ಹಿಂದಿನ ಕೆಲವು ಮೌಸುಗಳಿಗೆ, ಕೀಬೋರ್ಡುಗಳಿಗೆ ಎರಡೂ ಭಾಷೆ ಬರುತ್ತಿತ್ತು. ಈ ಅಡಾಪ್ಟರನ್ನು ಅವುಗಳ ಜೊತೆಯಲ್ಲೇ ಕೊಡುತ್ತಿದ್ದರು. ಇಂದು ಕೊಂಡ ಯುಎಸ್‌ಬಿ ಕೀಬೋರ್ಡಿಗೆ ಅದೇ ಅಡಾಪ್ಟರ್ ತೊಡಿಸಿ, ನಡೆಯಲಿಲ್ಲವೆಂದು ಪೋರ್ಟನ್ನು ದೂರುವುದು ನ್ಯಾಯವಲ್ಲ. ಪೋರ್ಟಿನ ಪರೀಕ್ಷೆಗೆ ಅಪ್ಪಟ ಪಿಎಸ್/2 ಕೀಬೋರ್ಡೇ ಬೇಕು. ಗುಜರಿಯವನ ಹತ್ತಿರ ಸಿಗುತ್ತದೆ, ಒಂದನ್ನು ತಂದು ಇಟ್ಟುಕೊಳ್ಳಿ.

ಹೊರಗಿನ ತಪಾಸಣೆ ಮುಗಿಯಿತು. ಈಗ ಮಲ್ಟಿಮೀಟರ್ ತೆಗೆದುಕೊಳ್ಳೋಣ. ಬೋರ್ಡಿನ ಕಿಂಡಿಯೊಳಗೆ ಮೀಟರಿನ ಮೊನೆ ಹಾಕಲು ಹೋಗಬೇಡಿ. ಮೊನೆ ದಪ್ಪ, ತೂತು ಸಣ್ಣದು. ಎರಡು ಪಿನ್ ಒಟ್ಟಿಗೆ ತಾಗಿದರೆ ಇರುವ ಫ್ಯೂಸೂ ಹೋಗುತ್ತದೆ. ಕೆಟ್ಟುಹೋದ ಪಿಎಸ್/2 ಮೌಸ್ ಒಂದರ ತಂತಿಯನ್ನು ಬುಡದಲ್ಲಿ ಕತ್ತರಿಸಿ, ಒಳಗಿನ ನಾಲ್ಕು ಎಳೆಗಳ ತುದಿ ಸುಲಿದು, ಒಂದಕ್ಕೊಂದು ತಾಗದಂತೆ ದೂರ ದೂರ ಅಂಟಿಸಿಡಿ. ಇದೇ ನಿಮ್ಮ ಪರೀಕ್ಷಾ ತಂತಿ. ಎಳೆಗಳ ಬಣ್ಣ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಬಣ್ಣವನ್ನು ನಂಬಬೇಡಿ. ಕಂಪ್ಯೂಟರ್ ಆರಿರುವಾಗ ಪ್ಲಗ್ ಸಿಕ್ಕಿಸಿ, ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಕ್ಯಾಬಿನೆಟ್ಟಿನ ಲೋಹಕ್ಕೆ ಒಂದು ಮೊನೆ ತಾಗಿಸಿ ಎಳೆಗಳನ್ನು ಒಂದೊಂದಾಗಿ ಮುಟ್ಟಿ. ಯಾವುದಕ್ಕೆ ಮೀಟರ್ ಕೂಗುತ್ತದೋ ಅದು ಗ್ರೌಂಡ್.

ಈಗ ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ ಕಂಪ್ಯೂಟರ್ ಆನ್ ಮಾಡಿ. ಗ್ರೌಂಡಿಗೆ ಕಪ್ಪು ಮೊನೆ ಇಟ್ಟು ಉಳಿದ ಮೂರನ್ನು ಅಳೆಯಿರಿ. ವಿದ್ಯುತ್ತಿನ ಎಳೆ ಐದು ವೋಲ್ಟಿನ ಹತ್ತಿರ ತೋರಿಸುತ್ತದೆ ಎಂದು ಎಲ್ಲರೂ ನಿರೀಕ್ಷಿಸುತ್ತಾರೆ. ಡೇಟಾ ಮತ್ತು ಕ್ಲಾಕ್ ಕೂಡ ಸುಮ್ಮನಿರುವಾಗ ಐದರ ಆಸುಪಾಸಿನಲ್ಲೇ ನಿಲ್ಲುತ್ತವೆ ಎಂಬುದು ಹಲವರಿಗೆ ತಿಳಿಯದು. ಆ ಎರಡು ತಂತಿಗಳನ್ನು ರೆಸಿಸ್ಟರುಗಳು ಮೇಲಕ್ಕೆ ಎಳೆದು ಹಿಡಿದಿರುತ್ತವೆ. ಮಾತಾಡಬೇಕಾದವರು, ಅದು ಕೀಬೋರ್ಡಾಗಲಿ ಬೋರ್ಡಾಗಲಿ, ತಂತಿಯನ್ನು ಕ್ಷಣಮಾತ್ರ ಸೊನ್ನೆಗೆ ಎಳೆದು ಬಿಡುತ್ತಾರೆ. ಒಂದು ಕೀಲಿಯ ಸುದ್ದಿ 11 ಬಿಟ್‌ಗಳ ಕಂತುಗಳಲ್ಲಿ ಹೋಗುತ್ತದೆ: ಒಂದು ಆರಂಭದ ಬಿಟ್, ಎಂಟು ಮಾಹಿತಿ, ಒಂದು ಸರಿತಪ್ಪು ನೋಡುವ ಬಿಟ್, ಒಂದು ಮುಕ್ತಾಯದ್ದು. ತಾಳ ಹಾಕುವುದು, ಅಂದರೆ ಕ್ಲಾಕ್ ಒದಗಿಸುವುದು ಕೀಬೋರ್ಡಿನ ಕೆಲಸ. ಅದರ ವೇಗ 10ರಿಂದ 16.7 ಕಿಲೋಹರ್ಟ್ಸ್.

ಇದರಿಂದ ಮೂರು ಬಗೆಯ ಫಲಿತಾಂಶ ಬರಬಹುದು. ಮೂರೂ ಎಳೆ ಐದು ವೋಲ್ಟು ತೋರಿಸಿದರೆ ದಾರಿ ಚೆನ್ನಾಗಿದೆ. ಬಯೋಸಿನ ಕಡೆಗೆ ಹೋಗಬೇಕು. ಮೂರೂ ಸೊನ್ನೆಯಾದರೆ ವಿದ್ಯುತ್ತೇ ಇಲ್ಲ. ವಿದ್ಯುತ್ ಇದ್ದು ಒಂದು ಎಳೆ ಮಾತ್ರ ಸೊನ್ನೆಗೆ ಕಚ್ಚಿಕೊಂಡಿದ್ದರೆ ಆ ಸಂಕೇತದ ತಂತಿ ಗ್ರೌಂಡಿಗೆ ತಾಗಿದೆ, ಇಲ್ಲವೇ ಪೋರ್ಟಿನ ಹಿಂದಿರುವ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿದೆ, ಇಲ್ಲವೇ ನಿಯಂತ್ರಕ ಚಿಪ್ಪಿನ ಆ ಕಾಲು ಸುಟ್ಟಿದೆ. ಮೌಸಿನ ಪೋರ್ಟಿನಲ್ಲಿ ಒಂದು ಅಪವಾದ ಇದೆ. ಬೋರ್ಡ್ ಕ್ಲಾಕ್ ತಂತಿಯನ್ನು ತಾನೇ ಕೆಳಗೆ ಹಿಡಿದು ಮೌಸಿಗೆ ‘ತಡಿ’ ಎನ್ನಬಲ್ಲದು. ಬಯೋಸಿನಲ್ಲಿ ಪಿಎಸ್/2 ಮೌಸನ್ನು ನಿಷ್ಕ್ರಿಯಗೊಳಿಸಿದ್ದರೆ ಹೀಗಾಗಬಹುದು. ಆ ಸೆಟ್ಟಿಂಗ್ ನೋಡದೆ ಚಿಪ್ಪಿನ ಮೇಲೆ ತಪ್ಪು ಹೊರಿಸಬಾರದು.

ಮೂರೂ ಸೊನ್ನೆ ಎಂದಿಟ್ಟುಕೊಳ್ಳೋಣ. ಬಳಸಿದ ಬೋರ್ಡಿನಲ್ಲಿ ನಾನು ಮೊದಲು ಹುಡುಕುವುದು ಜಂಪರನ್ನು. ಹಲವು ಬೋರ್ಡುಗಳಲ್ಲಿ ಕೀಬೋರ್ಡ್ ಪೋರ್ಟಿನ ಬಳಿ ಮೂರು ಪಿನ್ನಿನ ಒಂದು ಸಾಲಿರುತ್ತದೆ. ಪಕ್ಕದಲ್ಲಿ ಕೆಬಿಪಿಡಬ್ಲ್ಯುಆರ್ ಎಂದೋ ಅಂಥದೇ ಇನ್ನೊಂದು ಹೆಸರೋ ಅಚ್ಚಾಗಿರುತ್ತದೆ. ಅದರಲ್ಲಿ ಎರಡು ಪಿನ್ನುಗಳನ್ನು ಕೂಡಿಸುವ ಪುಟ್ಟ ಪ್ಲಾಸ್ಟಿಕ್ ಟೋಪಿ ಇರಬೇಕು. ಒಂದು ಕಡೆ ಹಾಕಿದರೆ ಕಂಪ್ಯೂಟರ್ ನಡೆಯುವಾಗ ಮಾತ್ರ ಸಿಗುವ ಐದು ವೋಲ್ಟು, ಇನ್ನೊಂದು ಕಡೆ ಹಾಕಿದರೆ ಆರಿದಾಗಲೂ ಬರುವ ಸ್ಟ್ಯಾಂಡ್‌ಬೈ ಐದು ವೋಲ್ಟು. ಕೀಲಿ ಒತ್ತಿ ಯಂತ್ರವನ್ನು ಎಬ್ಬಿಸುವವರಿಗೆ ಎರಡನೆಯದು ಬೇಕು. ಟೋಪಿಯೇ ಬಿದ್ದುಹೋಗಿದ್ದರೆ ಎರಡು ಕಡೆಯಿಂದಲೂ ವಿದ್ಯುತ್ ಇಲ್ಲ. ಬೋರ್ಡ್ ಹತ್ತು ಕೈ ಬದಲಾಯಿಸಿ, ಬಿಡಿ ಸಾಮಾನುಗಳ ರಾಶಿಯಲ್ಲಿ ಬಿದ್ದು ಎದ್ದು ಬರುವಾಗ ಆ ಟೋಪಿ ಉದುರುವುದು ಸಹಜ. ಬೇರೆ ಕೆಟ್ಟ ಬೋರ್ಡಿನಿಂದ ಒಂದನ್ನು ಕಿತ್ತು ಸಾಮಾನ್ಯ ಐದು ವೋಲ್ಟಿನ ಕಡೆ ಹಾಕಿ. ಸತ್ತಿದೆ ಎಂದು ಮೂಲೆಗೆ ಎಸೆದ ಬೋರ್ಡು ಇಷ್ಟರಿಂದಲೇ ಎದ್ದು ಕೂರುವುದನ್ನು ನೋಡಿದಾಗ ಆಗುವ ಸಂತೋಷಕ್ಕೆ ಸಾಟಿಯಿಲ್ಲ.

ಟೋಪಿ ಸ್ಟ್ಯಾಂಡ್‌ಬೈ ಕಡೆಗಿದ್ದು ಕೀಬೋರ್ಡ್ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರಿನ ನೇರಳೆ ತಂತಿಯೇ ಸ್ಟ್ಯಾಂಡ್‌ಬೈ, ಕೆಂಪು ತಂತಿ ಸಾಮಾನ್ಯ ಐದು ವೋಲ್ಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಸ್ಟ್ಯಾಂಡ್‌ಬೈ ಭಾಗದ ಕೆಪಾಸಿಟರುಗಳು ಒಣಗಿ ನೇರಳೆ ತಂತಿಯ ವೋಲ್ಟೇಜ್ ಕುಸಿಯುತ್ತದೆ. ಕನೆಕ್ಟರಿನ ಹಿಂಭಾಗದಿಂದ ಮೀಟರ್ ಇಟ್ಟು ಅಳೆಯಿರಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟು ಅಲ್ಲಿ ಡಿಸಿಯಾಗಿ ತಿರುಗಿ ಸುಮಾರು 325 ವೋಲ್ಟಾಗುತ್ತದೆ. ತಂತಿ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಎಸ್‌ಎಂಪಿಎಸ್ ಬದಲಿಸುವುದೇ ಕ್ಷೇಮ.

ಜಂಪರೂ ಸರಿ, ಎಸ್‌ಎಂಪಿಎಸ್ಸೂ ಸರಿ, ಆದರೂ ಪೋರ್ಟಿನಲ್ಲಿ ಸೊನ್ನೆ. ಹಾಗಾದರೆ ಫ್ಯೂಸು. ಪೋರ್ಟುಗಳ ಹಿಂದೆಯೇ, ಬೋರ್ಡಿನ ಮೇಲೆ ಎಫ್ ಅಕ್ಷರದ ಪಕ್ಕ ಒಂದು ಅಂಕಿ ಬರೆದ, ಅಕ್ಕಿಕಾಳಿಗಿಂತ ತುಸು ದೊಡ್ಡ ಬಿಡಿಭಾಗ ಇರುತ್ತದೆ. ಎಫ್‌ಬಿ ಎಂದಿದ್ದರೆ ಅದು ಫೆರೈಟ್ ಮಣಿ, ಫ್ಯೂಸಲ್ಲ. ಆದರೂ ಅದೇ ದಾರಿಯಲ್ಲಿರುತ್ತದೆ, ಅದನ್ನೂ ನೋಡಿ. ಎಸ್‌ಎಂಪಿಎಸ್ ತಂತಿ ಕಿತ್ತು, ಕಂಟಿನ್ಯೂಟಿಯಲ್ಲಿ ಎರಡು ತುದಿ ಮುಟ್ಟಿದರೆ ಮೀಟರ್ ಕೂಗಬೇಕು. ಕೂಗದಿದ್ದರೆ ಫ್ಯೂಸು ಹೋಗಿದೆ. ಕೆಲವು ಬೋರ್ಡುಗಳಲ್ಲಿ ಪಾಲಿಫ್ಯೂಸ್ ಎಂಬ ಬಗೆ ಇರುತ್ತದೆ. ಅದು ಕರಗಿ ತುಂಡಾಗುವುದಿಲ್ಲ. ಹೆಚ್ಚು ಕರೆಂಟು ಹರಿದಾಗ ಬಿಸಿಯಾಗಿ ದಾರಿ ಕಟ್ಟುತ್ತದೆ, ತಣಿದ ಮೇಲೆ ಬಿಡುತ್ತದೆ. ರಾತ್ರಿ ಸತ್ತ ಕೀಬೋರ್ಡ್ ಬೆಳಗ್ಗೆ ತಾನಾಗಿ ನಡೆದರೆ ಹೀಗೇ ಆಗಿರಬಹುದು. ಹಾಗೆ ನಡೆಯಿತೆಂದು ಬಿಟ್ಟುಬಿಡಬೇಡಿ, ಶಾರ್ಟ್ ಇನ್ನೂ ಎಲ್ಲೋ ಕುಳಿತಿದೆ.

ಫ್ಯೂಸು ಹೋಗಿದ್ದು ಗೊತ್ತಾದ ಕೂಡಲೇ ಹೊಸದು ಬೆಸೆಯುವ ಆತುರ ಬೇಡ. ಅದು ಯಾಕೆ ಹೋಯಿತು? ಬಹಳ ಬೋರ್ಡುಗಳಲ್ಲಿ ಕೀಬೋರ್ಡ್, ಮೌಸ್ ಮತ್ತು ಹಿಂದಿನ ಒಂದು ಜೊತೆ ಯುಎಸ್‌ಬಿಗೆ ಒಂದೇ ಫ್ಯೂಸ್ ಇರುತ್ತದೆ. ಯುಎಸ್‌ಬಿ ಕಿಂಡಿಯ ಒಳನಾಲಿಗೆ ಮುರಿದು ಪಟ್ಟಿಗಳು ಒಂದಕ್ಕೊಂದು ತಾಗಿರಬಹುದು. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ತಂತಿಯನ್ನು ಬೋರ್ಡಿನ ಹೆಡರ್ ಎಂಬ ಪಿನ್ ಸಾಲಿಗೆ ಉಲ್ಟಾ ಸಿಕ್ಕಿಸಿದ್ದರೆ ಐದು ವೋಲ್ಟು ನೇರವಾಗಿ ಗ್ರೌಂಡಿಗೆ ಇಳಿದು ಅಲ್ಲಿನ ಫ್ಯೂಸೂ ಹೋಗುತ್ತದೆ. ಯುಎಸ್‌ಬಿ ಬಂದ ಮೊದಲ ವರ್ಷಗಳ ಬೋರ್ಡುಗಳಲ್ಲಿ ಈ ಹೆಡರಿನ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ ಇತ್ತು. ಬೇರೆ ಕ್ಯಾಬಿನೆಟ್ಟಿನಿಂದ ಬಂದ ತಂತಿ ಅಲ್ಲಿ ಅಪಾಯಕಾರಿ. ಮುಂದಿನ ತಂತಿಗಳನ್ನೆಲ್ಲ ಕಿತ್ತು, ಪೋರ್ಟಿನ ಐದು ವೋಲ್ಟು ಮತ್ತು ಗ್ರೌಂಡಿನ ನಡುವೆ ಶಾರ್ಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹೊಸ ಫ್ಯೂಸು.

ಆ ಫ್ಯೂಸಿನ ಜಾಗಕ್ಕೆ ಒಂದೆಳೆ ತಾಮ್ರದ ತಂತಿ ಬೆಸೆದು ಗಿರಾಕಿಯನ್ನು ಕಳಿಸುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಮದರ್‌ಬೋರ್ಡ್ ಎಂದರೆ ಹಲವು ಪದರಗಳನ್ನು ಒತ್ತಿ ಮಾಡಿದ ಹಲಗೆ. ಮುಂದಿನ ಸಲ ಶಾರ್ಟ್ ಆದಾಗ ಆ ತಂತಿ ಸುಡುವುದಿಲ್ಲ, ಒಳಪದರದ ತಾಮ್ರದ ಗೆರೆ ಸುಡುತ್ತದೆ. ಅದನ್ನು ಯಾರಿಂದಲೂ ಸುಲಭವಾಗಿ ಸರಿಮಾಡಲಾಗದು. ಮೊದಲಿದ್ದಷ್ಟೇ ಆಂಪಿಯರಿನ ಫ್ಯೂಸೋ ಪಾಲಿಫ್ಯೂಸೋ ತುಂಬ ಅಗ್ಗ. ಬೇರೆ ಸತ್ತ ಬೋರ್ಡಿನಿಂದ ಬಿಡಿಸಿ ಹಾಕಿದರೂ ನಡೆಯುತ್ತದೆ.

ವಿದ್ಯುತ್ತಿನ ದೋಷದಷ್ಟೇ ಸಾಮಾನ್ಯವಾದ ಇನ್ನೊಂದು ದೋಷ ಬಿರುಕುಬಿಟ್ಟ ಬೆಸುಗೆ. ವರ್ಷಗಟ್ಟಲೆ ಸಿಕ್ಕಿಸಿ ಕಿತ್ತ ಪೋರ್ಟಿನ ಕಾಲುಗಳು ಬೋರ್ಡಿನಲ್ಲಿ ಸಡಿಲಗೊಂಡಿರುತ್ತವೆ. ಪ್ಲಗ್ಗನ್ನು ಒಂದು ಕಡೆಗೆ ಒತ್ತಿ ಹಿಡಿದರೆ ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದಾದರೆ ಇದೇ. ಬೋರ್ಡ್ ಬಿಚ್ಚಿ, ಹಿಂಬದಿಯಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ ಕಾಲಿನ ಸುತ್ತ ಕೂದಲಿನಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಫ್ಲಕ್ಸ್ ಹಚ್ಚಿ ಪ್ರತಿ ಕಾಲನ್ನೂ ಹೊಸದಾಗಿ ಕರಗಿಸಿ ಕೂರಿಸಿದರೆ ಮುಗಿಯಿತು. 2006ರ ಜುಲೈ 1ರಿಂದ ಯುರೋಪಿನಲ್ಲಿ ಸೀಸವನ್ನು ನಿರ್ಬಂಧಿಸುವ ನಿಯಮ ಜಾರಿಗೆ ಬಂತು. ಅದಕ್ಕೂ ಹಿಂದಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ತವರ ಮತ್ತು ಸೀಸದ ಬೆಸುಗೆ. ಅದು 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಕೆಲಸ ಸಲೀಸು. ಸೀಸ ವಿಷ ಎಂಬುದೂ ಅಷ್ಟೇ ನಿಜ: ಕಿಟಕಿ ತೆರೆದಿಡಿ, ಮಕ್ಕಳನ್ನು ದೂರವಿಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಇಷ್ಟೆಲ್ಲ ದಾಟಿ ಬಂದರೆ ಸಿಗುವುದು ನಿಯಂತ್ರಕ ಚಿಪ್. ಇದರ ಕಥೆ ನನಗೆ ಬಹಳ ಇಷ್ಟ. 1981ರ ಐಬಿಎಂ ಪಿಸಿಯಲ್ಲಿ ವಿಳಾಸದ ತಂತಿಗಳು 20. ತಲುಪಬಹುದಾದ ಮೆಮೊರಿ 1 ಮೆಗಾಬೈಟ್. 1984ರ ಎಟಿಗೆ 80286 ಪ್ರೊಸೆಸರ್ ಬಂದು ತಂತಿಗಳು 24 ಆದವು, ಮೆಮೊರಿಯ ಮಿತಿ 16 ಮೆಗಾಬೈಟಿಗೆ ಏರಿತು. ಆದರೆ ಹಳೆಯ ಕೆಲವು ಪ್ರೋಗ್ರಾಮ್‌ಗಳು 1 ಮೆಗಾಬೈಟ್ ದಾಟಿದ ವಿಳಾಸ ಸುತ್ತಿ ಸೊನ್ನೆಗೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಬರೆದಂಥವು. ಅವೂ ನಡೆಯಬೇಕಾದರೆ 21ನೆಯ ತಂತಿಯನ್ನು, ಸೊನ್ನೆಯಿಂದ ಎಣಿಸಿದರೆ ಎ20 ಎಂಬ ತಂತಿಯನ್ನು, ಬೇಕಾದಾಗ ಮುಚ್ಚಿ ಬೇಕಾದಾಗ ತೆರೆಯುವ ಬಾಗಿಲು ಬೇಕಿತ್ತು. ಕೀಬೋರ್ಡನ್ನು ನೋಡಿಕೊಳ್ಳಲು ಹಾಕಿದ್ದ ಇಂಟೆಲ್ 8042 ಚಿಪ್ಪಿನಲ್ಲಿ ಒಂದು ಕಾಲು ಬಳಕೆಯಿಲ್ಲದೆ ಉಳಿದಿತ್ತು. ಐಬಿಎಂ ಎಂಜಿನಿಯರುಗಳು ಆ ಬಾಗಿಲಿನ ಕಾವಲನ್ನು ಅದಕ್ಕೇ ವಹಿಸಿದರು. ಹೀಗೆ ಕೀಬೋರ್ಡಿನ ಚಿಪ್ಪು ಮೆಮೊರಿಯ ದ್ವಾರಪಾಲಕನೂ ಆಯಿತು. ಎಎಂಐ ಬಯೋಸ್ ಇರುವ ಹಳೆಯ ಬೋರ್ಡ್ ಆರು ಸಲ ಬೀಪ್ ಎಂದರೆ ಈ ಗೇಟ್ ಎ20 ವಿಫಲವಾಗಿದೆ ಎಂದರ್ಥ. ಆಗ ಮೊದಲು ಬೇರೆ ಕೀಬೋರ್ಡ್ ಹಾಕಿ ನೋಡಬೇಕು, ಆಮೇಲೆ ಚಿಪ್ಪು.

ಕಾಲಾನಂತರ 8042ರ ಕೆಲಸ ಸೂಪರ್ ಐ/ಒ ಎಂಬ ದೊಡ್ಡ ಚಿಪ್ಪಿನೊಳಗೆ ಸೇರಿತು. ವಿನ್‌ಬಾಂಡ್ ಅಥವಾ ಐಟಿಇ ಎಂದು ಬರೆದಿರುವ, ನಾಲ್ಕೂ ಬದಿಗೆ ಸೇರಿ 128 ಕಾಲುಗಳುಳ್ಳ ಚಿಪ್ಪು ಬಹಳ ಬೋರ್ಡುಗಳಲ್ಲಿ ಕಾಣುತ್ತದೆ. ಫ್ಲಾಪಿ, ಸೀರಿಯಲ್, ಪ್ಯಾರಲಲ್ ಪೋರ್ಟುಗಳು, ಫ್ಯಾನಿನ ವೇಗ, ಉಷ್ಣತೆ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಕೀಬೋರ್ಡಿನ ಜೊತೆಗೆ ಇವೂ ಹಳಿ ತಪ್ಪಿದ್ದರೆ, ಚಿಪ್ಪು ಕೈ ಸುಡುವಷ್ಟು ಕಾಯುತ್ತಿದ್ದರೆ, ಅದು ಹೋಗಿದೆ. ಬದಲಿಸಬಲ್ಲ ಚಿಪ್ ಲೆವೆಲ್ ಕೆಲಸಗಾರರು ನಮ್ಮಲ್ಲಿದ್ದಾರೆ. ಸಾಧಾರಣ ಬೋರ್ಡಿಗೆ ಆ ಖರ್ಚು ಸಲ್ಲದು ಎಂಬುದು ನನ್ನ ಅಭಿಪ್ರಾಯ. ಯುಎಸ್‌ಬಿಯ ದಾರಿ ತೆರೆದಿರುವಾಗಲಂತೂ ಬೇಡ.

ಆ ದಾರಿಯ ಬಾಗಿಲು ಬಯೋಸಿನಲ್ಲಿದೆ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಆ ಕಾಲಕ್ಕೆ ಹತ್ತಿರದ ಹಲವು ಬೋರ್ಡುಗಳಲ್ಲಿ ಯುಎಸ್‌ಬಿ ಕೀಬೋರ್ಡ್ ಸಪೋರ್ಟ್ ಅಥವಾ ಯುಎಸ್‌ಬಿ ಲೆಗಸಿ ಎಂಬ ಆಯ್ಕೆಯನ್ನು ನಾವೇ ತೆರೆಯಬೇಕು. ತೆರೆಯದಿದ್ದರೆ ವಿಂಡೋಸ್ ಏಳುವವರೆಗೂ ಯುಎಸ್‌ಬಿ ಕೀಬೋರ್ಡ್ ಮೂಕ. ತೊಡಕೆಂದರೆ ಬಯೋಸಿನೊಳಗೆ ಹೋಗಲು ಡಿಲೀಟ್ ಕೀಲಿ ಒತ್ತಬೇಕು, ಒತ್ತಲು ನಡೆಯುವ ಕೀಬೋರ್ಡ್ ಬೇಕು. ಆಗ ಸಿಮಾಸ್ ಎಂಬ, ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಮೆಮೊರಿಯನ್ನು ಅಳಿಸುವ ಜಂಪರಿನಿಂದ ಬಯೋಸನ್ನು ಮೂಲಸ್ಥಿತಿಗೆ ತಂದು ನೋಡಿ. ಕೆಲವು ಬೋರ್ಡುಗಳಲ್ಲಿ ಮೂಲಸ್ಥಿತಿಯಲ್ಲೇ ಯುಎಸ್‌ಬಿ ತೆರೆದಿರುತ್ತದೆ. ಪರೀಕ್ಷೆಗೆ ಬೋರ್ಡಿಗೇ ಬೆಸೆದ ಹಿಂದಿನ ಯುಎಸ್‌ಬಿಯನ್ನೇ ಬಳಸಿ. ಮುಂದಿನದಕ್ಕೆ ತಂತಿಯ ದೋಷವೂ ಸೇರಿಕೊಳ್ಳುತ್ತದೆ.

ಜೊತೆಗೆ ನಾಣ್ಯದಾಕಾರದ ಸಿಆರ್2032 ಸೆಲ್ ಬದಲಿಸಿ. ಹೊಸದು ಮೂರು ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ. ಹಳೆಯ ಬೋರ್ಡಿನಲ್ಲಿ ಅದು ಬತ್ತಿರುವುದೇ ಹೆಚ್ಚು. ಬತ್ತಿದರೆ ನೀವು ಮಾಡಿದ ಸೆಟ್ಟಿಂಗ್‌ಗಳನ್ನು ಬೋರ್ಡ್ ಪ್ಲಗ್ ಕಿತ್ತ ರಾತ್ರಿಯೇ ಮರೆಯುತ್ತದೆ. ನಿನ್ನೆ ನಡೆದ ಯುಎಸ್‌ಬಿ ಕೀಬೋರ್ಡ್ ಇಂದು ನಡೆಯದಿರಲು ಇದೊಂದೇ ಸಾಕು.

ತಂತ್ರಾಂಶದ ದೋಷವನ್ನು ಬೇರ್ಪಡಿಸುವುದು ಸುಲಭ. ಬಯೋಸಿನಲ್ಲಿ ಕೀಲಿಗಳು ನಡೆದು ವಿಂಡೋಸಿನಲ್ಲಿ ನಡೆಯದಿದ್ದರೆ ಬೋರ್ಡ್ ನಿರ್ದೋಷಿ. ಸಿಡಿಯಿಂದಲೋ ಪೆನ್‌ಡ್ರೈವಿನಿಂದಲೋ ಲಿನಕ್ಸ್ ಎಬ್ಬಿಸಿದರೆ ಇನ್ನೂ ಖಚಿತವಾಗುತ್ತದೆ. ಪಿಎಸ್/2 ಮೌಸನ್ನು ಕಂಪ್ಯೂಟರ್ ಎದ್ದ ಮೇಲೆ ಸಿಕ್ಕಿಸಿದರೆ ವಿಂಡೋಸ್ ಅದನ್ನು ಗುರುತಿಸುವುದಿಲ್ಲ, ಮರುಚಾಲನೆ ಬೇಕು. ತಿರುಗುಮುರುಗಾದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. 2015ರಲ್ಲಿ ಬಂದ ಇಂಟೆಲ್ 100 ಸರಣಿಯ ಬೋರ್ಡುಗಳಿಗೆ ವಿಂಡೋಸ್ 7 ಹಾಕಲು ಹೊರಟವರಿಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಕೈಕೊಟ್ಟವು. ಹೊಸ ಬಗೆಯ ಯುಎಸ್‌ಬಿ ನಿಯಂತ್ರಕಕ್ಕೆ ಬೇಕಾದ ಡ್ರೈವರ್ ಆ ವಿಂಡೋಸಿನ ಡಿಸ್ಕಿನಲ್ಲಿ ಇರಲಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು 1987ರ ಈ ದುಂಡು ಪೋರ್ಟೇ.

ಪಿಎಸ್/2 ಸತ್ತು ಯುಎಸ್‌ಬಿಯೂ ಸತ್ತ ಬೋರ್ಡಿಗೆ ಇನ್ನೂ ಒಂದು ಬಾಳಿದೆ. ಯುಎಸ್‌ಬಿ ಪೋರ್ಟುಗಳುಳ್ಳ ಪಿಸಿಐ ಕಾರ್ಡ್ ಒಂದನ್ನು ಹಾಕಿದರೆ ವಿಂಡೋಸ್ ಅಥವಾ ಲಿನಕ್ಸ್ ಎದ್ದ ಮೇಲಾದರೂ ಕೀಬೋರ್ಡ್ ಸಿಗುತ್ತದೆ. ಅದೂ ಬೇಡವೆಂದರೆ ಬಯೋಸಿನಲ್ಲಿ ಹಾಲ್ಟ್ ಆನ್ ಎಂಬ ಸಾಲಿನಲ್ಲಿ ಕೀಬೋರ್ಡಿನ ತಪ್ಪಿಗೆ ನಿಲ್ಲಬೇಡ ಎಂದು ಹೇಳುವ ಆಯ್ಕೆ ಇರುತ್ತದೆ. ಕೀಬೋರ್ಡ್ ನಡೆಯುತ್ತಿದ್ದಾಗಲೇ ಮಾಡಿಟ್ಟಿದ್ದರೆ ಅದು ಈಗ ಕೈಹಿಡಿಯುತ್ತದೆ. ಬೇರೆ ಯಂತ್ರದಲ್ಲಿ ಲಿನಕ್ಸ್ ತುಂಬಿ ಸಿದ್ಧಪಡಿಸಿದ ಹಾರ್ಡ್ ಡಿಸ್ಕನ್ನು ಇದಕ್ಕೆ ಜೋಡಿಸಿ, ನೆಟ್‌ವರ್ಕ್ ತಂತಿ ಸಿಕ್ಕಿಸಿ, ಪಕ್ಕದ ಕಂಪ್ಯೂಟರಿನಿಂದಲೇ ನಡೆಸಬಹುದು. ಶಾಲೆಯ ಕಡತಗಳನ್ನೆಲ್ಲ ಒಂದೆಡೆ ಇಡಲು, ಹಳೆಯ ಪ್ರಿಂಟರನ್ನು ಎಲ್ಲರೂ ಹಂಚಿಕೊಳ್ಳಲು ಕೀಬೋರ್ಡಿಲ್ಲದ ಈ ಯಂತ್ರ ಧಾರಾಳ ಸಾಕು.

ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳಲು ಹೋಗುವವರಿಗೆ ಒಂದು ಮಾತು. ‘ಡಿಸ್‌ಪ್ಲೇ ಬರುತ್ತೆ ಸಾರ್’ ಎಂದ ಕೂಡಲೇ ಹಣ ಎಣಿಸಬೇಡಿ. ಪಿಎಸ್/2 ಕೀಬೋರ್ಡ್, ಪಿಎಸ್/2 ಮೌಸ್, ಒಂದು ಪೆನ್‌ಡ್ರೈವ್ ಚೀಲದಲ್ಲಿರಲಿ. ಅಂಗಡಿಯಲ್ಲೇ ಬಯೋಸಿನೊಳಗೆ ಹೋಗಿ ಬನ್ನಿ, ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ, ಕಂದು ರಸ ಸೋರಿದ್ದರೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಎಲ್ಲ ಪ್ರಯತ್ನ ಮುಗಿದು ಬೋರ್ಡ್ ನಿಜವಾಗಿ ಸತ್ತಿದ್ದರೆ ಜಂಪರ್ ಟೋಪಿಗಳನ್ನು, ಫ್ಯೂಸುಗಳನ್ನು ಮುಂದಿನ ರಿಪೇರಿಗೆ ಬಿಡಿಸಿಟ್ಟುಕೊಂಡು, ಸೆಲ್ ತೆಗೆದು, ಉಳಿದದ್ದನ್ನು ಇ-ತ್ಯಾಜ್ಯದ ಅಧಿಕೃತ ಮರುಬಳಕೆದಾರರಿಗೆ ಕೊಡಿ. ಸೀಸದ ಬೆಸುಗೆಯಿರುವ ಆ ಹಲಗೆಯನ್ನು ಬೀದಿಯ ಕಸಕ್ಕೆ ಹಾಕಬೇಡಿ, ತಾಮ್ರದಾಸೆಗೆ ಸುಡುವವರ ಕೈಗೂ ಕೊಡಬೇಡಿ.